ಆರೋಗ್ಯ ಪ್ರಶ್ನೋತ್ತರ: ಜಿಮ್ ಪುಡಿಯೂ ರಕ್ತದ ವರದಿಯೂ

ಈ ಸಲದ ಅಂಚೆಯಲ್ಲಿ ಬಂದ ಪತ್ರಗಳಲ್ಲಿ ಆರು ಒಂದೇ ವಿಷಯದ ಸುತ್ತ ಇದ್ದವು. ವ್ಯಾಯಾಮಕ್ಕೆ ಮುಂಚೆ ನೀರಿನಲ್ಲಿ ಕಲಸಿ ಕುಡಿಯುವ ಪ್ರೀ-ವರ್ಕೌಟ್ ಪುಡಿ ಎಷ್ಟು ಸುರಕ್ಷಿತ, ಅದನ್ನು ಕುಡಿಯುವವರ ರಕ್ತದ ವರದಿಯನ್ನು ಹೇಗೆ ಓದಬೇಕು ಎಂಬುದು ಆ ವಿಷಯ. ಆದ್ದರಿಂದ ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಕೋರಿಕೆಯಂತೆ ಯಾರ ಹೆಸರನ್ನೂ ಕೊಟ್ಟಿಲ್ಲ.

ಪ್ರಶ್ನೆ: ನನಗೆ 27 ವರ್ಷ. ಡೊಂಬಿವಲಿಯಲ್ಲಿ ಮನೆ, ಐರೋಲಿಯಲ್ಲಿ ಕೆಲಸ. ಐದು ತಿಂಗಳಿಂದ ಬೆಳಿಗ್ಗೆ ಆರು ಗಂಟೆಗೆ ಜಿಮ್‌ಗೆ ಹೋಗುತ್ತಿದ್ದೇನೆ. ಅದಕ್ಕೆ ಅರ್ಧ ಗಂಟೆ ಮುಂಚೆ ಒಂದು ಸ್ಕೂಪ್ ಪ್ರೀ-ವರ್ಕೌಟ್ ಕುಡಿಯುತ್ತೇನೆ. ಡಬ್ಬಿಯ ಮೇಲೆ ಒಂದು ಸ್ಕೂಪಿಗೆ ಕೆಫೀನ್ 200 ಮಿ.ಗ್ರಾಂ, ಬೀಟಾ-ಅಲನೈನ್ 3.2 ಗ್ರಾಂ, ಸಿಟ್ರುಲಿನ್ 6 ಗ್ರಾಂ, ಕ್ರಿಯೇಟಿನ್ 3 ಗ್ರಾಂ ಎಂದಿದೆ. ಕಂಪನಿಯ ವಾರ್ಷಿಕ ತಪಾಸಣೆಯಲ್ಲಿ ಕ್ರಿಯಾಟಿನಿನ್ 1.42, ಇಜಿಎಫ್‌ಆರ್ 69, ಎಸ್‌ಜಿಒಟಿ 86, ಎಸ್‌ಜಿಪಿಟಿ 61 ಬಂದಿವೆ. ರಕ್ತ ಕೊಟ್ಟ ಹಿಂದಿನ ದಿನ ಕಾಲಿನ ವ್ಯಾಯಾಮ ಬಹಳ ಮಾಡಿದ್ದೆ. ಅಮ್ಮ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದ್ದಾರೆ. ಊರಿನಿಂದ ದೊಡ್ಡಪ್ಪ ಫೋನ್ ಮಾಡಿ, ಕಿಡ್ನಿಯೂ ಲಿವರೂ ಒಟ್ಟಿಗೆ ಕೆಟ್ಟಿವೆ ಎಂದು ಹೆದರಿಸಿದ್ದಾರೆ. ನಿಜವೇ?
— ಡೊಂಬಿವಲಿಯ ಓದುಗ

ಉತ್ತರ: ನಿಮ್ಮ ಮನೆಯವರನ್ನು ಹೆದರಿಸಿರುವ ಈ ಅಂಕಿಗಳೆಲ್ಲಕ್ಕೂ ಮೂತ್ರಪಿಂಡ ಮತ್ತು ಯಕೃತ್ತು ಅಲ್ಲದೆ ಇನ್ನೊಂದು ಮೂಲವಿದೆ. ಅದು ಸ್ನಾಯು. ನಿಮ್ಮ ಅಂಗಾಂಗಗಳು ಚೆನ್ನಾಗಿವೆ ಎಂದು ಇಲ್ಲಿ ಕುಳಿತು ನಾನು ಪ್ರಮಾಣಪತ್ರ ಕೊಡಲಾರೆ. ಆದರೆ ಈ ವರದಿಯೊಂದನ್ನೇ ಹಿಡಿದು ಅವು ಕೆಟ್ಟಿವೆ ಎನ್ನುವುದಕ್ಕೆ ಆಧಾರವಿಲ್ಲ ಎಂಬುದನ್ನು ಖಚಿತವಾಗಿ ಹೇಳಬಲ್ಲೆ.

ಮೊದಲು ಹೆಸರಿನ ಗೊಂದಲ ತೀರಲಿ. ಕ್ರಿಯೇಟಿನ್ ಬೇರೆ, ಕ್ರಿಯಾಟಿನಿನ್ ಬೇರೆ. ಕ್ರಿಯೇಟಿನ್ ಎಂಬುದು ನಮ್ಮ ದೇಹವೇ ತಯಾರಿಸುವ, ಮಾಂಸ ಮತ್ತು ಮೀನಿನ ಊಟದಿಂದಲೂ ದೊರೆಯುವ, ಬಹುಪಾಲು ಸ್ನಾಯುವಿನಲ್ಲೇ ಸಂಗ್ರಹವಾಗಿರುವ ವಸ್ತು. ಭಾರ ಎತ್ತುವಂತಹ ಕ್ಷಣಿಕ ಬಿರುಸಿನ ಕೆಲಸಕ್ಕೆ ಅದು ಶಕ್ತಿಯನ್ನು ಒದಗಿಸುತ್ತದೆ. ಆ ಸಂಗ್ರಹದಲ್ಲಿ ಪ್ರತಿದಿನ ಸುಮಾರು ಶೇ. 1.7ರಷ್ಟು ತಾನಾಗಿಯೇ ಒಡೆದು ಕ್ರಿಯಾಟಿನಿನ್ ಎಂಬ ತ್ಯಾಜ್ಯವಾಗಿ ರಕ್ತಕ್ಕೆ ಬರುತ್ತದೆ, ಮೂತ್ರಪಿಂಡ ಅದನ್ನು ಸೋಸಿ ಹೊರಹಾಕುತ್ತದೆ. ಹೊರಹೋಗುವ ವಸ್ತು ರಕ್ತದಲ್ಲಿ ಹೆಚ್ಚಾಗಿದ್ದರೆ ಸೋಸುವ ಕೆಲಸ ಕುಂಠಿತವಾಗಿರಬೇಕು ಎಂಬ ಊಹೆಯ ಮೇಲೆ ಈ ಪರೀಕ್ಷೆ ನಿಂತಿದೆ. ಆದರೆ ಅಂಗಳದಲ್ಲಿ ಕಸ ಹೆಚ್ಚಾಗಿ ಕಂಡರೆ ಗುಡಿಸುವವರು ಬಂದಿಲ್ಲವೆಂದೂ ಆಗಬಹುದು, ಮನೆಯಲ್ಲಿ ಹಿಂದಿನ ದಿನ ಮದುವೆ ನಡೆದಿದೆಯೆಂದೂ ಆಗಬಹುದು. ಹೊರಗಿನಿಂದ ಕ್ರಿಯೇಟಿನ್ ಸೇವಿಸುವವರಲ್ಲಿ, ದೇಹದಲ್ಲಿ ಸ್ನಾಯು ಹೆಚ್ಚಿರುವವರಲ್ಲಿ, ಹಿಂದಿನ ರಾತ್ರಿ ಚೆನ್ನಾಗಿ ಮಾಂಸದೂಟ ಮಾಡಿದವರಲ್ಲಿ ಕ್ರಿಯಾಟಿನಿನ್ ಉತ್ಪತ್ತಿಯೇ ಹೆಚ್ಚು. ಇನ್ನು ಇಜಿಎಫ್‌ಆರ್ ಬೇರೆಯದೇ ಪರೀಕ್ಷೆ ಎಂದು ಅನೇಕರು ತಿಳಿದಿದ್ದಾರೆ. ಅದು ಅದೇ ಕ್ರಿಯಾಟಿನಿನ್ ಅಂಕಿಯನ್ನು ವಯಸ್ಸು ಮತ್ತು ಲಿಂಗದೊಡನೆ ಸೂತ್ರಕ್ಕೆ ಹಾಕಿ, ಮೂತ್ರಪಿಂಡ ಎಷ್ಟು ವೇಗವಾಗಿ ಸೋಸುತ್ತಿದೆ ಎಂದು ಗಣಕಯಂತ್ರ ಬರೆದುಕೊಡುವ ಅಂದಾಜು ಲೆಕ್ಕ. ಮೊದಲನೆಯದು ತಪ್ಪುದಾರಿ ಹಿಡಿದರೆ ಎರಡನೆಯದೂ ಅದರ ಹಿಂದೆಯೇ ಹೋಗುತ್ತದೆ. ನಿಮ್ಮ ವರದಿಯಲ್ಲಿ ಕಿಡ್ನಿಯ ಬಗ್ಗೆ ಎರಡು ಸಾಕ್ಷಿಗಳಿರುವಂತೆ ಕಂಡರೂ ಇರುವುದು ಒಂದೇ ಸಾಕ್ಷಿ.

ಹಾಗೆಂದು ಎಲ್ಲ ಹೊಣೆಯನ್ನೂ 3 ಗ್ರಾಂ ಕ್ರಿಯೇಟಿನ್ ಮೇಲೆ ಹೊರಿಸಿ ಸುಮ್ಮನಾಗಬೇಡಿ. ಆ ಪ್ರಮಾಣದಿಂದ ಸಾಮಾನ್ಯವಾಗಿ ಆಗುವ ಏರಿಕೆ ಸಣ್ಣದು. ನಿಮ್ಮ 1.42ಕ್ಕೆ ಸ್ನಾಯುವಿನ ಗಾತ್ರ, ಹಿಂದಿನ ದಿನದ ಕಾಲಿನ ವ್ಯಾಯಾಮ, ನೀರು ಕಡಿಮೆ ಕುಡಿದಿರುವುದು ಎಲ್ಲ ಸೇರಿರಬಹುದು. ನಿಜವಾದ ಮೂತ್ರಪಿಂಡದ ತೊಂದರೆಯೂ ಇರಬಹುದು. ಇದನ್ನು ಬಿಡಿಸಿ ನೋಡಲು ದಾರಿಯಿದೆ. ಪುಡಿಯನ್ನು ನಾಲ್ಕು ವಾರ ಪೂರ್ತಿಯಾಗಿ ನಿಲ್ಲಿಸಿ, ಏಕೆಂದರೆ ಸ್ನಾಯುವಿನಲ್ಲಿ ತುಂಬಿಕೊಂಡ ಕ್ರಿಯೇಟಿನ್ ಹಳೆಯ ಮಟ್ಟಕ್ಕೆ ಇಳಿಯಲು ನಾಲ್ಕರಿಂದ ಆರು ವಾರ ಬೇಕು. ಕೊನೆಯ ಒಂದು ವಾರ ಭಾರ ಎತ್ತಬೇಡಿ, ನಡಿಗೆ ಸಾಕು. ಆಮೇಲೆ ಕ್ರಿಯಾಟಿನಿನ್ ಜೊತೆಗೆ ಸಿಸ್ಟಾಟಿನ್ ಸಿ ಎಂಬ ಪರೀಕ್ಷೆಯನ್ನೂ, ಬೆಳಗಿನ ಮೊದಲ ಮೂತ್ರದಲ್ಲಿ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ಪ್ರಮಾಣವನ್ನೂ ನೋಡಿಸಿ. ಸಿಸ್ಟಾಟಿನ್ ಸಿ ದೇಹದ ಬಹುತೇಕ ಎಲ್ಲ ಜೀವಕೋಶಗಳಿಂದಲೂ ಬರುವ ಪ್ರೋಟೀನ್ ಆದ್ದರಿಂದ ಅದು ಸ್ನಾಯುವಿನ ಗಾತ್ರಕ್ಕೂ ಕ್ರಿಯೇಟಿನ್ ಪುಡಿಗೂ ಅಷ್ಟಾಗಿ ಮಣಿಯುವುದಿಲ್ಲ. ಥೈರಾಯ್ಡ್ ತೊಂದರೆ ಇರುವವರಲ್ಲಿ ಮತ್ತು ಸ್ಟೀರಾಯ್ಡ್ ಮಾತ್ರೆ ನುಂಗುವವರಲ್ಲಿ ಮಾತ್ರ ಅದನ್ನೂ ಎಚ್ಚರದಿಂದ ಓದಬೇಕಾಗುತ್ತದೆ. ಕಂಪನಿಗಳ ತಪಾಸಣೆಯ ಪ್ಯಾಕೇಜ್‌ನಲ್ಲಿ ಇದು ಸಾಮಾನ್ಯವಾಗಿ ಸೇರಿರುವುದಿಲ್ಲ, ಕೇಳಿ ಮಾಡಿಸಿಕೊಳ್ಳಬೇಕು. ಸಿಸ್ಟಾಟಿನ್ ಸಿ ಮತ್ತು ಮೂತ್ರ ಎರಡೂ ಸರಿಯಾಗಿದ್ದರೆ ನಿಮ್ಮ ಮೂತ್ರಪಿಂಡದ ಬಗ್ಗೆ ದೊಡ್ಡಪ್ಪನವರು ನಿಶ್ಚಿಂತರಾಗಿರಬಹುದು. ಎರಡರಲ್ಲಿ ಒಂದು ಕೆಟ್ಟಿದ್ದರೂ ಮೂತ್ರಪಿಂಡ ತಜ್ಞರನ್ನು ಕಾಣಿರಿ, ಆಗ ಪುಡಿಯ ಮಾತೇ ಬೇಡ. ಆರೋಗ್ಯವಂತರಲ್ಲಿ ದಿನಕ್ಕೆ 3ರಿಂದ 5 ಗ್ರಾಂ ಕ್ರಿಯೇಟಿನ್ ಮೂತ್ರಪಿಂಡಕ್ಕೆ ಹಾನಿ ಮಾಡಿದ್ದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಆದರೆ ಈ ಮಾತನ್ನು ಮೊದಲೇ ಮೂತ್ರಪಿಂಡದ ಕಾಯಿಲೆ ಇರುವವರಿಗೆ ಹಚ್ಚುವಂತಿಲ್ಲ.

ಇನ್ನು ಎಸ್‌ಜಿಒಟಿ, ಎಸ್‌ಜಿಪಿಟಿ. ನಾವು ಇವುಗಳನ್ನು ಲಿವರ್ ಪರೀಕ್ಷೆ ಎಂದು ಕರೆದು ಕರೆದು, ಇವು ಸ್ನಾಯುವಿನಲ್ಲೂ ಇವೆ ಎಂಬುದನ್ನೇ ಮರೆತಿದ್ದೇವೆ. ಭಾರ ಎತ್ತಿದಾಗ ಸ್ನಾಯುವಿನ ಎಳೆಗಳಲ್ಲಿ ಸೂಕ್ಷ್ಮವಾದ ಬಿರುಕುಗಳಾಗಿ ಒಳಗಿನ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ಅಭ್ಯಾಸವಿಲ್ಲದವರು ಜೋರಾಗಿ ವ್ಯಾಯಾಮ ಮಾಡಿದರೆ ಈ ಏರಿಕೆ ಒಂದು ವಾರದವರೆಗೂ ಉಳಿಯುವುದುಂಟು. ಎಸ್‌ಜಿಪಿಟಿಗಿಂತ ಎಸ್‌ಜಿಒಟಿ ಹೆಚ್ಚಿರುವ ನಿಮ್ಮ ವರದಿಯ ಚಹರೆಯೂ ಸ್ನಾಯುವಿನ ಕಡೆಗೇ ಬೆರಳು ತೋರಿಸುತ್ತದೆ, ಮದ್ಯಪಾನದ ಅಭ್ಯಾಸ ಇಲ್ಲದಿದ್ದರೆ. ಇದನ್ನು ಖಚಿತಪಡಿಸಲು ಅದೇ ದಿನ ಸಿಪಿಕೆ ಮತ್ತು ಜಿಜಿಟಿ ನೋಡಬೇಕಿತ್ತು. ಸಿಪಿಕೆ ಸ್ನಾಯುವಿನ ಕಿಣ್ವ. ಸಾಮಾನ್ಯವಾಗಿ 200ರ ಆಸುಪಾಸಿನೊಳಗೆ ಇರುವ ಅದು ಕಠಿಣ ವ್ಯಾಯಾಮದ ನಂತರದ ಒಂದರಿಂದ ನಾಲ್ಕು ದಿನಗಳಲ್ಲಿ ಸಾವಿರಗಳಿಗೆ ಏರಬಲ್ಲದು. ಜಿಜಿಟಿ ಯಕೃತ್ತಿನ ಕಿಣ್ವ, ಅದು ಸ್ನಾಯುವಿನಿಂದ ಬರುವುದಿಲ್ಲ. ಸಿಪಿಕೆ ಏರಿ ಜಿಜಿಟಿ, ಬಿಲಿರುಬಿನ್ ಸುಮ್ಮನಿದ್ದರೆ ಯಕೃತ್ತಿನ ಮೇಲೆ ಅಪವಾದ ಬೇಡ. ಶನಿವಾರದ ಬೆಳಿಗ್ಗೆ ಬೆವರಿನ ಅಂಗಿಯಲ್ಲೇ ಜಿಮ್‌ನಿಂದ ನೇರವಾಗಿ ಬಂದು ತೋಳು ಚಾಚುವ ಯುವಕರನ್ನು ನಮ್ಮ ಪ್ರಯೋಗಾಲಯದಲ್ಲಿ ನಾನು ವರ್ಷಗಳಿಂದ ನೋಡುತ್ತಿದ್ದೇನೆ. ಅವರನ್ನು ಮರಳಿ ಕಳುಹಿಸಿದರೆ ಸಿಟ್ಟಾಗುತ್ತಾರೆ, ರಕ್ತ ತೆಗೆದುಕೊಂಡರೆ ವರದಿ ನೋಡಿ ಗಾಬರಿಯಾಗುತ್ತಾರೆ.

ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭ ಒಂದಿದೆ. ವ್ಯಾಯಾಮದ ಮರುದಿನ ಸ್ನಾಯು ಊದಿಕೊಂಡು ತಡೆಯಲಾರದ ನೋವು ಬಂದು, ಮೂತ್ರ ಕರಿಚಹಾದ ಬಣ್ಣಕ್ಕೆ ತಿರುಗಿದರೆ ಅದು ಸ್ನಾಯು ಕರಗುತ್ತಿರುವ ಲಕ್ಷಣ. ಆ ತ್ಯಾಜ್ಯ ಮೂತ್ರಪಿಂಡವನ್ನು ನಿಜವಾಗಿಯೂ ಕೆಡಿಸುತ್ತದೆ. ಇನ್ನೊಂದು ಮಾತು ನೀವು ಕೇಳದಿದ್ದರೂ ಹೇಳುತ್ತೇನೆ: ಮೈಕೈ ನೋವಿಗೆಂದು ಔಷಧ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನ್ಯಾಕ್, ಐಬುಪ್ರೊಫೆನ್ ಮಾತ್ರೆಗಳು, ಅದರಲ್ಲೂ ಮೈಯಲ್ಲಿ ನೀರಿನಂಶ ಕಡಿಮೆಯಾದಾಗ, ನಿಮ್ಮ ಡಬ್ಬಿಯ ಕ್ರಿಯೇಟಿನ್‌ಗಿಂತ ಮೂತ್ರಪಿಂಡಕ್ಕೆ ಹೆಚ್ಚು ಅಪಾಯಕಾರಿ. ಅಟ್ಟಕ್ಕೆ ಏರಿಸಬೇಕಾದದ್ದು ಮೊದಲು ಅವು.

ಪ್ರಶ್ನೆ: ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಉದ್ಯೋಗಿ, 34 ವರ್ಷ. ಆರು ವರ್ಷಗಳಿಂದ ಥೈರಾಯ್ಡ್ ಕೊರತೆಗೆ ಥೈರಾಕ್ಸಿನ್ 75 ಮೈಕ್ರೋಗ್ರಾಂ ಮಾತ್ರೆ ನಡೆಯುತ್ತಿದೆ. ಇತ್ತೀಚೆಗೆ ಜಿಮ್ ಸೇರಿ ಪ್ರೀ-ವರ್ಕೌಟ್ ಶುರು ಮಾಡಿದೆ; ಕೂದಲು ಉದುರುವುದಕ್ಕೆ ಬಯೋಟಿನ್ 10 ಮಿ.ಗ್ರಾಂ ಮಾತ್ರೆಯೂ ಇದೆ. ಸದಾ 2ರಿಂದ 3ರ ನಡುವೆ ಇರುತ್ತಿದ್ದ ಟಿಎಸ್‌ಎಚ್ ಈ ಸಲ 0.08ಕ್ಕೆ ಇಳಿದು, ಟಿ4 ಏರಿದೆ. ಪುಡಿ ಕುಡಿದಾಗ ಎದೆ ಡವಡವ ಎನ್ನುವುದೂ ಉಂಟು. ಥೈರಾಕ್ಸಿನ್ ಅರ್ಧಕ್ಕೆ ಇಳಿಸಲು ಸಲಹೆ ಬಂದಿದೆ. ಪುಡಿ ನನ್ನ ಥೈರಾಯ್ಡ್ ಮೇಲೆ ಪರಿಣಾಮ ಮಾಡಿತೇ? ಕುಡಿದ ಹತ್ತು ನಿಮಿಷಕ್ಕೆ ಮುಖ, ಕೈ ಜುಮುಜುಮು ಎನ್ನುತ್ತವೆ, ಇದು ಅಲರ್ಜಿಯೇ?
— ಪುಣೆಯ ಓದುಗರು

ಉತ್ತರ: ನಿಮ್ಮ ಪತ್ರದಲ್ಲಿ ಪುಡಿಗಿಂತ ನನ್ನ ಕಣ್ಣು ಮೊದಲು ಹೋದದ್ದು ಬಯೋಟಿನ್ ಮೇಲೆ. ದೇಹಕ್ಕೆ ದಿನಕ್ಕೆ ಬೇಕಾದ ಬಯೋಟಿನ್ 30ರಿಂದ 40 ಮೈಕ್ರೋಗ್ರಾಂ. ನೀವು ಸೇವಿಸುತ್ತಿರುವುದು 10,000 ಮೈಕ್ರೋಗ್ರಾಂ. ಅದು ದೇಹಕ್ಕೆ ವಿಷವಲ್ಲ, ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. ತೊಂದರೆ ಆಗುವುದು ಪ್ರಯೋಗಾಲಯದ ಯಂತ್ರಕ್ಕೆ. ಹಾರ್ಮೋನು ಅಳೆಯುವ ಹಲವು ಯಂತ್ರಗಳು ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಎಂಬ ಎರಡು ವಸ್ತುಗಳ ಬಿಗಿಯಾದ ಬೆಸುಗೆಯನ್ನು ನಂಬಿ ಕೆಲಸ ಮಾಡುತ್ತವೆ. ನಿಮ್ಮ ರಕ್ತದಲ್ಲೇ ಬಯೋಟಿನ್ ತುಂಬಿದ್ದರೆ ಆ ಬೆಸುಗೆಯ ಜಾಗವನ್ನು ಅದು ಆಕ್ರಮಿಸಿ, ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಟಿಎಸ್‌ಎಚ್ ಅನ್ನು ಇರುವುದಕ್ಕಿಂತ ಕಡಿಮೆಯಾಗಿಯೂ ಆ ಗ್ರಂಥಿಯೇ ತಯಾರಿಸುವ ಟಿ3, ಟಿ4ಗಳನ್ನು ಹೆಚ್ಚಾಗಿಯೂ ತೋರಿಸುತ್ತದೆ. ಅಂದರೆ ಥೈರಾಯ್ಡ್ ಅತಿಯಾಗಿರುವ ರೋಗಿಯ ವರದಿಯಂತೆಯೇ ಕಾಣುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರಲ್ಲಿಯೇ ಈ ಬಗ್ಗೆ ವೈದ್ಯರಿಗೂ ಪ್ರಯೋಗಾಲಯಗಳಿಗೂ ಎಚ್ಚರಿಕೆ ಕೊಟ್ಟಿದೆ. ಹೃದಯಾಘಾತ ಪತ್ತೆಗೆ ಮಾಡುವ ಟ್ರೊಪೋನಿನ್ ಪರೀಕ್ಷೆಯೂ ಹೀಗೆ ಸುಳ್ಳಾಗಿ ಕಡಿಮೆ ಬರಬಹುದು ಎಂಬುದು ಅದರ ಮುಖ್ಯ ಆತಂಕವಾಗಿತ್ತು. ಎಲ್ಲ ಕಂಪನಿಯ ಯಂತ್ರಗಳಲ್ಲೂ ಹೀಗಾಗುವುದಿಲ್ಲ. ಆದ್ದರಿಂದಲೇ ಒಂದು ಪ್ರಯೋಗಾಲಯದಲ್ಲಿ 0.08 ಬಂದು, ಪಕ್ಕದ ರಸ್ತೆಯದರಲ್ಲಿ 2.4 ಬಂದರೆ ಒಂದು ಮೋಸದ್ದು ಎಂದು ಜನ ತಿಳಿಯುತ್ತಾರೆ.

ಥೈರಾಕ್ಸಿನ್ ಇಳಿಸುವ ಮುಂಚೆ ನಿಮ್ಮ ವೈದ್ಯರಿಗೆ ಈ ಬಯೋಟಿನ್ ವಿಷಯ ಹೇಳಿ. ಅವರ ಒಪ್ಪಿಗೆಯಿಂದ ಬಯೋಟಿನ್ ಮಾತ್ರೆಯನ್ನು ಕನಿಷ್ಠ ಎರಡು ದಿನ, ನಿಮ್ಮ ಪ್ರಮಾಣಕ್ಕೆ ಮೂರು ದಿನವೇ ಇರಲಿ, ನಿಲ್ಲಿಸಿ ಮತ್ತೆ ಪರೀಕ್ಷೆ ಮಾಡಿಸಿ. ಪ್ರೀ-ವರ್ಕೌಟ್ ಡಬ್ಬಿಯ ಲೇಬಲ್ಲಿನಲ್ಲೂ ಬಿ ಜೀವಸತ್ವಗಳ ಸಾಲಿನಲ್ಲಿ ಬಯೋಟಿನ್ ಇದೆಯೇ ನೋಡಿ. ಎದೆ ಡವಡವ ಎನ್ನುವುದಕ್ಕೆ ಪುಡಿಯ ಕೆಫೀನ್ ಸಾಕಷ್ಟು ಕಾರಣ. ಸುಳ್ಳು ವರದಿಗೂ ನಿಜವಾದ ಡವಡವಕ್ಕೂ ಗಂಟು ಬಿದ್ದು ನಿಮ್ಮ ರೋಗಚಿತ್ರ ಪೂರ್ತಿಯಾದಂತೆ ಕಂಡಿದೆ, ಅದೇ ಇಲ್ಲಿಯ ಅಪಾಯ.

ಬೆಳಗಿನ ಸಮಯಪಾಲನೆಯೂ ಮುಖ್ಯ. ಥೈರಾಕ್ಸಿನ್ ಅನ್ನು ಬರೀ ನೀರಿನಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆಯವರೆಗೆ ಕಾಫಿ ಸಹ ಕುಡಿಯಬಾರದು, ಕಾಫಿ ಅದು ದೇಹಕ್ಕೆ ಸೇರುವುದನ್ನು ಕುಗ್ಗಿಸುತ್ತದೆ. ಪುಡಿಯಲ್ಲಿ ಕ್ಯಾಲ್ಸಿಯಂ, ಕಬ್ಬಿಣದಂತಹ ಖನಿಜಗಳಿದ್ದರೆ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆಯ ಅಂತರ ಬೇಕು. ಬೆಳಿಗ್ಗೆ ಆರಕ್ಕೆ ಜಿಮ್ ತಲುಪುವವರಿಗೆ ಇದು ಆಗದ ಮಾತು. ಹಾಗಿದ್ದರೆ ಪುಡಿಯನ್ನೇ ಬಿಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಜುಮುಜುಮು ಎನ್ನುವುದು ಬೀಟಾ-ಅಲನೈನ್‌ನಿಂದ. ಚರ್ಮದ ನರತುದಿಗಳನ್ನು ಅದು ಕೆಣಕುತ್ತದೆ, ಒಂದೂವರೆ ಗಂಟೆಯೊಳಗೆ ತಾನಾಗಿ ಅಡಗುತ್ತದೆ, ಹಾನಿಯಿಲ್ಲ. ಮುಖ ಕೆಂಪಾಗಿ ಬಿಸಿಯೇರಿದರೆ ಅದು ಪುಡಿಯಲ್ಲಿ ಬೆರೆಸುವ ನಯಾಸಿನ್ ಎಂಬ ಬಿ ಜೀವಸತ್ವದ ಕೆಲಸ. ತುಟಿ, ಕಣ್ಣಿನ ರೆಪ್ಪೆ ಊದಿಕೊಂಡರೆ, ಮೈಮೇಲೆ ದದ್ದು ಎದ್ದರೆ, ಉಸಿರು ಕಟ್ಟಿದರೆ ಮಾತ್ರ ಅಲರ್ಜಿ ಎಂದು ತಿಳಿದು ತಕ್ಷಣ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಚೆಂಬೂರಿನಲ್ಲಿ ಹೋಟೆಲ್ ವ್ಯವಹಾರ, ವಯಸ್ಸು 46, ಮೂಲ ಊರು ಕುಂದಾಪುರದ ಕಡೆ. ಬಿ.ಪಿ.ಗೆ ದಿನಕ್ಕೆ ಒಂದು ಮಾತ್ರೆ ಇದೆ. ಬೆಳಿಗ್ಗೆ ನಾಲ್ಕೂವರೆಗೆ ಏಳುವವನು. ರಾತ್ರಿಯವರೆಗೆ ಐದು ಲೋಟ ಫಿಲ್ಟರ್ ಕಾಫಿ ಆಗುತ್ತದೆ. ತೂಕ ಇಳಿಸಲು ಸಂಜೆ ಏಳಕ್ಕೆ ಜಿಮ್‌ಗೆ ಹೋಗುತ್ತಿದ್ದೇನೆ. ಅಲ್ಲಿಯ ತರಬೇತುದಾರ ಕೊಟ್ಟ ಪುಡಿಯಲ್ಲಿ ಕೆಫೀನ್ 300 ಮಿ.ಗ್ರಾಂ ಇದೆಯಂತೆ. ಮೊನ್ನೆಯ ರಕ್ತಪರೀಕ್ಷೆಯಲ್ಲಿ ಸಕ್ಕರೆ, ಕೊಲೆಸ್ಟ್ರಾಲ್, ಕಿಡ್ನಿ, ಲಿವರ್ ಎಲ್ಲವೂ ಸರಿಯಾಗಿವೆ. ಹಾಗಾದರೆ ಪುಡಿ ಮುಂದುವರಿಸಬಹುದಲ್ಲವೇ? ಎರಡು ಸಲ ಮಾತ್ರ ಎದೆಬಡಿತ ತಪ್ಪಿದಂತೆ ಆಯಿತು.
— ಚೆಂಬೂರಿನ ಓದುಗ

ಉತ್ತರ: ಬೇಡ. ಇಂದೇ ನಿಲ್ಲಿಸಿ.

ಡೊಂಬಿವಲಿಯ ಯುವಕನ ವರದಿ ಕೆಟ್ಟಿದ್ದರೂ ಅಪಾಯ ಕಡಿಮೆ. ನಿಮ್ಮ ವರದಿ ನಿರ್ಮಲವಾಗಿದ್ದರೂ ಅಪಾಯ ಹೆಚ್ಚು. ರಕ್ತದ ಸೂಚಕಗಳನ್ನು ಅತಿಯಾಗಿ ನಂಬುವವರು ಮರೆಯುವ ವಿಷಯ ಇದು. ಪ್ರಚೋದಕ ವಸ್ತುಗಳು ರಕ್ತದೊತ್ತಡವನ್ನು ಮತ್ತು ಹೃದಯದ ಲಯವನ್ನು ಕೆಣಕುತ್ತವೆ, ಅವೆರಡನ್ನೂ ನೀವು ಮಾಡಿಸಿದ ಯಾವ ಪರೀಕ್ಷೆಯೂ ಅಳೆಯುವುದಿಲ್ಲ. ಸಕ್ಕರೆ, ಕೊಲೆಸ್ಟ್ರಾಲ್ ಅಂಕಿಗಳು ಸರಿ ಇದ್ದ ಮಾತ್ರಕ್ಕೆ ಕೆಫೀನ್ ತಡೆದುಕೊಳ್ಳುವ ಶಕ್ತಿ ಇದೆ ಎಂದು ಅರ್ಥವಲ್ಲ.

ಲೆಕ್ಕ ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿ.ಲೀ. ಕುದಿಸಿ ಇಳಿಸಿದ ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ ಕೆಫೀನ್ ಇರುತ್ತದೆ, ದಿನದ ಮಿತಿ 300 ಮಿ.ಗ್ರಾಂ. ನಿಮ್ಮ ಲೋಟ 100 ಮಿ.ಲೀ.ಯದು ಎಂದುಕೊಂಡರೂ ಐದು ಲೋಟಕ್ಕೆ 270ರಿಂದ 400 ಮಿ.ಗ್ರಾಂ ಆಯಿತು. ಪುಡಿಗೆ ಮುಂಚೆಯೇ ದಿನದ ಪಾಲು ಮುಗಿದಿದೆ. ಅದರ ಮೇಲೆ 300 ಮಿ.ಗ್ರಾಂ ಒಂದೇ ಗುಟುಕಿಗೆ ಬೀಳುತ್ತದೆ. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದಂತೆ ಆರೋಗ್ಯವಂತ ವಯಸ್ಕರಿಗೆ ಒಂದು ಸಲಕ್ಕೆ 200 ಮಿ.ಗ್ರಾಂ, ದಿನವಿಡೀ ಸೇರಿ 400 ಮಿ.ಗ್ರಾಂ ತೊಂದರೆ ಕೊಡದ ಪ್ರಮಾಣ. ಅದು ಆರೋಗ್ಯವಂತರ ಮಾತು, ಬಿ.ಪಿ. ಇರುವವರದಲ್ಲ. ಬಿ.ಪಿ. ಇರುವವರಲ್ಲಿ 200ರಿಂದ 300 ಮಿ.ಗ್ರಾಂ ಕೆಫೀನ್ ಮೇಲಿನ ಅಂಕಿಯನ್ನು ಸುಮಾರು 8, ಕೆಳಗಿನದನ್ನು ಸುಮಾರು 6 ಏರಿಸಿ ಮೂರು ಗಂಟೆಯವರೆಗೆ ಹಿಡಿದಿಡುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಅದೇ ಹೊತ್ತಿಗೆ ನೀವು ಉಸಿರು ಬಿಗಿಹಿಡಿದು ಭಾರ ಎತ್ತುತ್ತೀರಿ, ಆಗಂತೂ ಒತ್ತಡ ತಾನಾಗಿಯೇ ಏರುತ್ತದೆ.

ಸಂಜೆ ಏಳಕ್ಕೆ ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆಯ ನಂತರವೂ, ಅಂದರೆ ಮಧ್ಯರಾತ್ರಿಗೂ, ದೇಹದಲ್ಲೇ ಇರುತ್ತದೆ. ನಾಲ್ಕೂವರೆಗೆ ಏಳಬೇಕಾದವರ ನಿದ್ರೆ ಅಲ್ಲಿಗೆ ಮುಗಿಯಿತು. ಆ ದಣಿವಿಗೆ ಮರುದಿನ ಇನ್ನೊಂದು ಲೋಟ ಕಾಫಿ. ಸಿಪ್ರೊಫ್ಲಾಕ್ಸಾಸಿನ್‌ನಂತಹ ಪ್ರತಿಜೀವಕದ ಕೋರ್ಸ್ ನಡೆಯುತ್ತಿದ್ದರೆ ಕೆಫೀನ್ ದೇಹದಿಂದ ಹೊರಹೋಗುವುದು ಇನ್ನೂ ನಿಧಾನವಾಗುತ್ತದೆ. ಪುಡಿಯ ಸಿಟ್ರುಲಿನ್, ಆರ್ಜಿನಿನ್ ರಕ್ತನಾಳಗಳನ್ನು ಹಿಗ್ಗಿಸುವ ವಸ್ತುಗಳು. ಎದೆನೋವಿಗೆ ನೈಟ್ರೇಟ್ ಮಾತ್ರೆ ಇಟ್ಟುಕೊಂಡವರು, ಲೈಂಗಿಕ ದೌರ್ಬಲ್ಯಕ್ಕೆ ಸಿಲ್ಡೆನಾಫಿಲ್ ಬಳಸುವವರು ಅದರ ಜೊತೆಗೆ ಇವನ್ನು ಬೆರೆಸಿದರೆ ಒತ್ತಡ ಥಟ್ಟನೆ ಕುಸಿದು ತಲೆಸುತ್ತಿ ಬೀಳಬಹುದು.

ಎದೆಬಡಿತ ತಪ್ಪಿದಂತಾದದ್ದನ್ನು ನೀವು ಪತ್ರದ ಕೊನೆಯಲ್ಲಿ, "ಎರಡು ಸಲ ಮಾತ್ರ" ಎಂದು ಬರೆದಿದ್ದೀರಿ. ನನ್ನ ಪಾಲಿಗೆ ಅದೇ ಮೊದಲ ಸಾಲು. ಈ ವಾರವೇ ನಿಮ್ಮ ವೈದ್ಯರಲ್ಲಿ ಇ.ಸಿ.ಜಿ. ಮಾಡಿಸಿ, ಅವರು ಹೇಳಿದರೆ ಟ್ರೆಡ್‌ಮಿಲ್ ಪರೀಕ್ಷೆಯನ್ನೂ ಮಾಡಿಸಿ, ಆಮೇಲೆ ಜಿಮ್. ಕಾಫಿಯನ್ನು ಮೂರು ಲೋಟಕ್ಕೆ ಇಳಿಸಿ, ಕೊನೆಯದು ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಯಲಿ. ಹೋಟೆಲಿನವರಿಗೆ ಇದು ಕಷ್ಟ ಎಂದು ಬಲ್ಲೆ.

ಪ್ರಶ್ನೆ: ನಾವು ಗೋವಾದ ವಾಸ್ಕೋದಲ್ಲಿ ಇಪ್ಪತ್ತು ವರ್ಷಗಳಿಂದ ಇರುವವರು, ಊರು ಹಾವೇರಿ ಜಿಲ್ಲೆ. ಹನ್ನೆರಡನೆಯ ತರಗತಿಯ ಮಗನಿಗೆ 17 ವರ್ಷ. ಭಾರ ಎತ್ತುವ ಸ್ಪರ್ಧೆಗೆ ತಯಾರಿ ನಡೆಸಿದ್ದಾನೆ. ಜಿಮ್‌ನಲ್ಲಿ ಯಾರೋ ಲೇಬಲ್ ಇಲ್ಲದ ಪ್ಲಾಸ್ಟಿಕ್ ಚೀಲದಲ್ಲಿ ಪುಡಿ ತೂಗಿ ಕೊಡುತ್ತಾರೆ, "ವಿದೇಶದ್ದು, ಬಿಡಿಯಾಗಿ ಅಗ್ಗ" ಎನ್ನುತ್ತಾರಂತೆ. ಮೂರು ತಿಂಗಳಲ್ಲಿ ಮೈ ಬಹಳ ತುಂಬಿಕೊಂಡಿದೆ, ಮುಖದಲ್ಲಿ ಮೊಡವೆ, ಮಾತೆತ್ತಿದರೆ ಸಿಡುಕು. ಯಾವ ರಕ್ತಪರೀಕ್ಷೆ ಮಾಡಿಸಬೇಕು?
— ವಾಸ್ಕೋದ ತಾಯಿಯೊಬ್ಬರು

ಉತ್ತರ: ಪರೀಕ್ಷೆಗೆ ಮುಂಚೆ ಆ ಚೀಲವನ್ನು ಮನೆಯಲ್ಲಿ ತೆಗೆದಿಡಿ, ಎಸೆಯಬೇಡಿ. ಮುಂದೆ ದೂರು ಕೊಡುವುದಾದರೆ ಅದೇ ಸಾಕ್ಷ್ಯ.

ಹದಿನೆಂಟು ತುಂಬದವರಿಗೆ ಪ್ರೀ-ವರ್ಕೌಟ್ ಬೇಡ ಎಂಬುದರಲ್ಲಿ ನನಗೆ ಎರಡು ಮಾತಿಲ್ಲ, ಡಬ್ಬಿ ಎಷ್ಟೇ ಪ್ರಸಿದ್ಧ ಕಂಪನಿಯದಾಗಿದ್ದರೂ. ನಿಮ್ಮ ಮಗನ ಸಂಗತಿಯಲ್ಲಿ ಡಬ್ಬಿಯೇ ಇಲ್ಲ. ಮೊಡವೆ, ಸಿಡುಕು, ಮೂರೇ ತಿಂಗಳಲ್ಲಿ ತುಂಬಿದ ಮೈ, ಈ ಮೂರೂ ಒಟ್ಟಿಗೆ ಬಂದಾಗ ಪುಡಿಯಲ್ಲಿ ಅಥವಾ ಅದರ ಜೊತೆಗೆ ಸ್ನಾಯು ಬೆಳೆಸುವ ಸ್ಟೀರಾಯ್ಡ್ ಇರಬಹುದೇ ಎಂಬ ಸಂಶಯ ವೈದ್ಯರಿಗೆ ಬರಲೇಬೇಕು. ಹದಿಹರೆಯದಲ್ಲಿ ಇವು ಸಹಜವಾಗಿಯೂ ಬರುತ್ತವೆ, ಆದ್ದರಿಂದ ಮಗನನ್ನು ಕಟಕಟೆಯಲ್ಲಿ ನಿಲ್ಲಿಸಿದಂತೆ ಪ್ರಶ್ನಿಸಬೇಡಿ. ಅವನಿಗೂ ಚೀಲದಲ್ಲಿ ಏನಿದೆ ಎಂದು ಗೊತ್ತಿರಲಿಕ್ಕಿಲ್ಲ.

ಇಲ್ಲಿ ರಕ್ತ ಸಾಕಷ್ಟು ಮಾತಾಡುತ್ತದೆ. ಹೊರಗಿನಿಂದ ಪುರುಷ ಹಾರ್ಮೋನಿನಂತಹ ವಸ್ತು ದೇಹಕ್ಕೆ ಬೀಳುತ್ತಿದ್ದರೆ ಮೆದುಳು ತನ್ನ ಆಜ್ಞೆಯನ್ನು ನಿಲ್ಲಿಸುತ್ತದೆ. ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಹಾರ್ಮೋನುಗಳು ನೆಲ ಕಚ್ಚುತ್ತವೆ. ಒಳ್ಳೆಯ ಕೊಲೆಸ್ಟ್ರಾಲ್ ಎಂದು ನಾವು ಕರೆಯುವ ಎಚ್‌ಡಿಎಲ್ ಬಹಳ ಕೆಳಗಿಳಿಯುತ್ತದೆ. ಹಿಮೋಗ್ಲೋಬಿನ್, ಹಿಮಟೋಕ್ರಿಟ್ ಏರಿ ರಕ್ತ ದಪ್ಪವಾಗುತ್ತದೆ. ಬಾಯಿಯಿಂದ ಸೇವಿಸುವ ಕೆಲವು ಸ್ಟೀರಾಯ್ಡ್‌ಗಳು ಯಕೃತ್ತಿಗೆ ನೇರ ಪೆಟ್ಟು ಕೊಡುವುದರಿಂದ ಬಿಲಿರುಬಿನ್, ಜಿಜಿಟಿ ಸಹ ನೋಡಬೇಕು. ಇವನ್ನು ನೀವಾಗಿಯೇ ಪ್ಯಾಕೇಜ್ ಆರಿಸಿ ಮಾಡಿಸುವುದಕ್ಕಿಂತ ಅಂತಃಸ್ರಾವ ತಜ್ಞರನ್ನು ಕಂಡು ಅವರ ಚೀಟಿಯಂತೆ ಮಾಡಿಸಿ, ಏಕೆಂದರೆ ಬೆಳೆಯುವ ಹುಡುಗನ ಹಾರ್ಮೋನಿನ ಅಂಕಿಗಳನ್ನು ವಯಸ್ಕರ ಅಂಕಿಗಳೊಂದಿಗೆ ಹೋಲಿಸಲಾಗದು.

ಪ್ರಚೋದಕಗಳ ಕಥೆ ಬೇರೆ. ಡಿಎಂಎಎ ಎಂಬ ವಸ್ತುವನ್ನು ಜೆರೇನಿಯಂ ಗಿಡದ ಸಾರವೆಂಬ ಮುದ್ದಾದ ಹೆಸರಿನಲ್ಲಿ ಒಂದು ಕಾಲದಲ್ಲಿ ಪ್ರೀ-ವರ್ಕೌಟ್‌ಗಳಲ್ಲಿ ಧಾರಾಳವಾಗಿ ಬೆರೆಸುತ್ತಿದ್ದರು. ಅದು ರಕ್ತನಾಳಗಳನ್ನು ಬಿಗಿಸಿ ಒತ್ತಡ ಏರಿಸುವ ವಸ್ತು. 2010ರ ದಿಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮಹಿಳೆಯರ 100 ಮೀಟರ್ ಓಟದ ಚಿನ್ನದ ಪದಕ ಹಿಂದಕ್ಕೆ ಹೋದದ್ದು ಇದೇ ವಸ್ತು ಮೂತ್ರದಲ್ಲಿ ಸಿಕ್ಕಿದ್ದರಿಂದ. ನಿಮ್ಮ ಮಗ ಸ್ಪರ್ಧೆಗೆ ಇಳಿಯುವವನಾದ್ದರಿಂದ ಒಂದು ನಿಯಮ ಅವನಿಗೆ ತಿಳಿದಿರಲಿ: ಮೂತ್ರದಲ್ಲಿ ನಿಷೇಧಿತ ವಸ್ತು ಕಂಡರೆ ಅದಕ್ಕೆ ಕ್ರೀಡಾಪಟುವೇ ಹೊಣೆ, ಪುಡಿಯಲ್ಲಿ ಬೆರೆತದ್ದು ಗೊತ್ತಿರಲಿಲ್ಲ ಎಂದರೆ ಹೊಣೆ ತಪ್ಪುವುದಿಲ್ಲ. ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಈ ವಸ್ತುಗಳು ಕಾಣುವುದೇ ಇಲ್ಲ, ಅದಕ್ಕೆ ವಿಶೇಷ ಪ್ರಯೋಗಾಲಯ ಬೇಕು.

ಗಿಡಮೂಲಿಕೆ ಎಂದರೆ ನಿರಪಾಯ ಎಂದುಕೊಳ್ಳುವ ನಮ್ಮವರಿಗಾಗಿ ಇನ್ನೊಂದು ಘಟನೆ. 2013ರಲ್ಲಿ ಅಮೆರಿಕದ ಹವಾಯಿಯಲ್ಲಿ ಆಕ್ಸಿಎಲೀಟ್ ಪ್ರೊ ಎಂಬ, ಕೊಬ್ಬು ಕರಗಿಸುವ ಮತ್ತು ಮೈಕಟ್ಟು ಬೆಳೆಸುವ ಪೂರಕವನ್ನು ಬಳಸಿದವರಲ್ಲಿ ಯಕೃತ್ತಿನ ತೀವ್ರ ಉರಿಯೂತ ಸಾಲುಸಾಲಾಗಿ ಕಂಡುಬಂತು. ಕೆಲವರಿಗೆ ಯಕೃತ್ತಿನ ಕಸಿ ಮಾಡಬೇಕಾಯಿತು, ಸಾವೂ ಸಂಭವಿಸಿತು, ಉತ್ಪನ್ನವನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು. ಅದರಲ್ಲಿ ಹೊಸದಾಗಿ ಸೇರಿಸಿದ್ದ ಏಜಲಿನ್ ಎಂಬ ವಸ್ತುವಿಗೆ ಆ ಹೆಸರು ಬಂದದ್ದು ನಾವು ಶಿವನಿಗೆ ಏರಿಸುವ ಬಿಲ್ವದ ಮರದಿಂದ. ಪತ್ರೆಯಲ್ಲಿ ದೋಷವಿಲ್ಲ, ಒಂದು ಅಣುವನ್ನು ಬೇರ್ಪಡಿಸಿ ಕಾರ್ಖಾನೆಯಲ್ಲಿ ತಯಾರಿಸಿ ಗುಳಿಗೆಯಲ್ಲಿ ತುಂಬಿದಾಗ ಅದು ಪತ್ರೆಯಾಗಿ ಉಳಿದಿರುವುದಿಲ್ಲ.

ನಮ್ಮ ದೇಶದಲ್ಲಿ ಮಾರುವ ಪೂರಕದ ಡಬ್ಬಿಯ ಮೇಲೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ, ಆರೋಗ್ಯ ಪೂರಕ ಎಂಬ ಮಾತು, ಔಷಧವಾಗಿ ಬಳಸಲು ಅಲ್ಲ ಎಂಬ ಸೂಚನೆ, ವಿದೇಶದ್ದಾದರೆ ಆಮದು ಮಾಡಿದವರ ವಿಳಾಸ ಇರಲೇಬೇಕು. ಚೀಲದಲ್ಲಿ ತೂಗಿ ಮಾರುವುದು ಕಾನೂನಿಗೆ ವಿರುದ್ಧ. ಗೋವಾದಲ್ಲಿ ಬಾಂಬೋಳಿಯಲ್ಲಿರುವ ಆಹಾರ ಮತ್ತು ಔಷಧ ಆಡಳಿತ ನಿರ್ದೇಶನಾಲಯಕ್ಕೆ ದೂರು ಕೊಡಬಹುದು. ಮಗನ ಹೆಸರು ಹೊರಬಂದೀತು ಎಂಬ ಅಂಜಿಕೆ ನಿಮಗೆ ಸಹಜ. ಅದೇ ಜಿಮ್‌ನಲ್ಲಿ ಅವನ ವಯಸ್ಸಿನ ಇನ್ನೂ ಎಷ್ಟು ಹುಡುಗರಿದ್ದಾರೆ ಎಂಬುದನ್ನೂ ಯೋಚಿಸಿ.

ಪ್ರಶ್ನೆ: ಪುಡಿಯನ್ನು ನೀರಿಲ್ಲದೆ ಒಣದಾಗಿಯೇ ಬಾಯಿಗೆ ಹಾಕಿಕೊಂಡರೆ ಬೇಗ ಪರಿಣಾಮ ಎಂದು ಗೆಳೆಯರು ಹೇಳುತ್ತಾರೆ. ಬರೀ ಕೆಫೀನ್ ಪುಡಿ ತಂದು ತೂಗಿಕೊಂಡರೆ ಅಗ್ಗವಲ್ಲವೇ?
— ಠಾಣೆಯ ವಿದ್ಯಾರ್ಥಿ

ಉತ್ತರ: ಒಣಪುಡಿ ಶ್ವಾಸನಾಳಕ್ಕೆ ಹೋಗಿ ಉಸಿರುಕಟ್ಟಿಸಬಹುದು, ಇಡೀ ಪ್ರಮಾಣದ ಕೆಫೀನ್ ಒಮ್ಮೆಲೇ ಹೊಟ್ಟೆ ಸೇರುತ್ತದೆ, ಲಾಭವಂತೂ ಇಲ್ಲ. ಶುದ್ಧ ಕೆಫೀನ್ ಪುಡಿಯನ್ನು ಮನೆಗೆ ತರಲೇಬೇಡಿ. ಒಂದು ಟೀ ಚಮಚದಷ್ಟು ಶುದ್ಧ ಕೆಫೀನ್ ಸುಮಾರು 28 ಕಪ್ ಕಾಫಿಗೆ ಸಮ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಎಚ್ಚರಿಸಿದೆ. ಅಡುಗೆಮನೆಯ ತಕ್ಕಡಿ ಒಂದೆರಡು ಗ್ರಾಂ ಹೆಚ್ಚುಕಡಿಮೆ ತೋರಿಸುವುದು ದೊಡ್ಡ ಮಾತಲ್ಲ, 200 ಮಿ.ಗ್ರಾಂ ಬದಲು 2 ಗ್ರಾಂ ಬಿದ್ದರೆ ಅದು ಪ್ರಾಣದ ಮಾತು. ಹೀಗೆ ತೂಕ ತಪ್ಪಿ ಜೀವ ಹೋದ ಉದಾಹರಣೆಗಳಿವೆ.

ಪ್ರಶ್ನೆ: ಪುಡಿ ಕುಡಿಯುವವರು ರಕ್ತ ಕೊಡಲು ಹೋಗುವಾಗ ಏನು ಪಾಲಿಸಬೇಕು?
— ಮೀರಾ ರೋಡ್‌ನ ಓದುಗರು

ಉತ್ತರ: ಕನಿಷ್ಠ ಮೂರು ದಿನ, ಎಸ್‌ಜಿಒಟಿ ಮೊದಲೇ ಏರಿದ್ದವರು ಒಂದು ವಾರ, ಭಾರ ಎತ್ತಬೇಡಿ. ಬಯೋಟಿನ್ ಇರುವ ಯಾವುದನ್ನೂ ಎರಡು ಮೂರು ದಿನ ಮುಂಚೆಯೇ ನಿಲ್ಲಿಸಿ. ಖಾಲಿ ಹೊಟ್ಟೆಯ ಪರೀಕ್ಷೆಯ ಬೆಳಿಗ್ಗೆ ಪುಡಿ, ಕಾಫಿ, ಚಹಾ ಯಾವುದೂ ಬೇಡ, ಸಕ್ಕರೆ ಹಾಕದಿದ್ದರೂ ಬೇಡ, ಏಕೆಂದರೆ ಕೆಫೀನ್ ಒಂದೇ ಇನ್ಸುಲಿನ್‌ನ ಕೆಲಸವನ್ನು ಸ್ವಲ್ಪ ಹೊತ್ತು ಮಂದಗೊಳಿಸಬಲ್ಲದು. ನೀರು ಮಾತ್ರ ಧಾರಾಳವಾಗಿ ಕುಡಿಯಿರಿ. ಮೈ ಒಣಗಿದ್ದರೆ ಹಿಮೋಗ್ಲೋಬಿನ್, ಯೂರಿಯಾ, ಕ್ರಿಯಾಟಿನಿನ್ ಎಲ್ಲವೂ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತವೆ. ಡಬ್ಬಿಯ ಹಿಂಬದಿಯ ಲೇಬಲ್ಲಿನ ಫೋಟೋ ಫೋನಿನಲ್ಲಿರಲಿ. ಅರ್ಜಿಯಲ್ಲಿ "ಔಷಧಗಳು" ಎಂಬ ಖಾನೆ ಇರುತ್ತದಲ್ಲ, ಪುಡಿ ಔಷಧವಲ್ಲ ಎಂದು ಅದನ್ನು ಖಾಲಿ ಬಿಡಬೇಡಿ, ಅಲ್ಲಿಯೇ ಪುಡಿಯ ಹೆಸರನ್ನೂ ಕೊನೆಯ ಸಲ ಕುಡಿದ ಹೊತ್ತನ್ನೂ ಬರೆಯಿರಿ.